ಹೊಸ ಗರಿ ಬಿಚ್ಚುವವರೆಗೆ

"ಕೈ ಬಿಡಿ!"

ಅವಳ ದನಿ ಇಡೀ ಅಡುಗೆಮನೆಗೆ ಕೇಳಿಸಿತು. ಈರುಳ್ಳಿ ಹೆಚ್ಚುತ್ತಿದ್ದವರು ಕತ್ತೆತ್ತಿ ನೋಡಿದರು. ಪಾತ್ರೆ ತೊಳೆಯುವ ಹೆಂಗಸು, ಮುಂದಿನ ಮಾತು ಸರಿಯಾಗಿ ಕೇಳಿಸಲಿ ಎಂದು ನಲ್ಲಿಯನ್ನೇ ನಿಲ್ಲಿಸಿಬಿಟ್ಟಳು.

ಹಿತ್ತಲ ಬಾಗಿಲಿನಿಂದ ಆಗಷ್ಟೇ ಒಳಗೆ ಬಂದಿದ್ದ ಅಪರಿಚಿತ ಮಾತ್ರ ಅವಳ ಮಣಿಕಟ್ಟನ್ನು ಬಿಡಲಿಲ್ಲ. ತಲೆಗೂದಲಿನಿಂದ ಬೂಟಿನವರೆಗೆ ಮರದ ಪುಡಿ ಮೆತ್ತಿಕೊಂಡಿದ್ದ ಆಳು. ಇನ್ನೊಂದು ಕೈಯಿಂದ ತಾನು ತಂದಿಟ್ಟ ಗೋಣಿಚೀಲದ ಬಾಯಿ ಅಗಲಿಸಿ, ಅವಳು ಇನ್ನೇನು ಕೈ ಹಾಕಲಿದ್ದ ಜಾಗವನ್ನು ತೋರಿಸಿದ. ಹಸಿ ತಾಳೆ ಗರಿಯ ಬುಡದ ಪಟ್ಟೆಗಳ ಅಂಚಿನಲ್ಲಿ ಕಪ್ಪು ಮುಳ್ಳುಗಳು ಸಾಲಾಗಿ ನಿಂತಿದ್ದವು.

"ಮುಳ್ಳಿದೆ," ಎಂದ. ಆಮೇಲೆ ಕೈ ಬಿಟ್ಟ.

ಬಿಟ್ಟಿದ್ದೇನೋ ಬಿಟ್ಟ. ಆದರೆ ಬಿಡುವ ಮುಂಚೆ ಅವನ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ತುದಿಯ ಚರ್ಮ ಅಲ್ಲಲ್ಲಿ ಪದರ ಪದರವಾಗಿ ಎದ್ದಿತ್ತು. ಉಗುರಿನ ಸುತ್ತ ಕೆಂಪಗೆ ಒಡೆದಿತ್ತು. ಅವಳು ತಟ್ಟನೆ ಎರಡೂ ಕೈಗಳನ್ನು ಏಪ್ರನ್ನಿನ ಕೆಳಗೆ ಬಚ್ಚಿಟ್ಟುಕೊಂಡಳು.

'ನೋಡಿಬಿಟ್ಟ... ಇನ್ನು ಇವನೂ ಮುಖ ಸಿಂಡರಿಸುತ್ತಾನೆ.'

ಅವನು ಮುಖ ಸಿಂಡರಿಸಲಿಲ್ಲ. ಸೊಂಟದ ಕತ್ತಿ ತೆಗೆದು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಮುಳ್ಳಿನ ಪಟ್ಟೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಬದಿಗಿಟ್ಟ. ಒಳಗಿನಿಂದ ತೋಳಿನ ಗಾತ್ರದ ಬೆಳ್ಳನೆ ತಿರುಳು ಹೊರಬಂತು. ಅದನ್ನು ಕಟ್ಟೆಯ ಮೇಲಿಟ್ಟು, ಬಂದ ದಾರಿಯಲ್ಲೇ ಹೋದ. ಒಂದು ಮಾತಿಲ್ಲ, ಕತೆಯಿಲ್ಲ.

"ಅಬ್ಬಬ್ಬಾ, ಎಂಥ ಮಾತುಗಾರ!" ಎಂದರು ದೊಡ್ಡಣ್ಣ. ಅವರು ಆ ಊಟದ ಮನೆಯ ಹಿರಿಯ ಅಡುಗೆಯವರು, ಯಜಮಾನರೂ ಅವರೇ. ಅವತ್ತೇ ಅವನಿಗೆ ಮೌನಪ್ಪ ಎಂದು ನಾಮಕರಣವಾಯಿತು.

ಹೆಸರಿಡುವುದರಲ್ಲಿ ದೊಡ್ಡಣ್ಣನ ಕೈ ಬಲು ಧಾರಾಳ. ಅವಳಿಗೂ ತಂಪಕ್ಕ ಎಂದು ಹೆಸರಿಟ್ಟವರು ಅವರೇ. ಅಲ್ಲಿ ಒಲೆ ಹಚ್ಚದೆ ಅಡುಗೆ ಮಾಡುವವಳು ಅವಳೊಬ್ಬಳೇ. ಊಟದ ಮನೆ ದೊಡ್ಡ ಆಸ್ಪತ್ರೆಯ ಎದುರಿಗಿತ್ತು. ಬಿಸಿ ತಾಗಿದರೆ ಬಾಯುರಿ, ಖಾರ ಕಂಡರೆ ಕಣ್ಣೀರು ಅನ್ನುವ ರೋಗಿಗಳಿಗಾಗಿ ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ, ಒಂದು ತೊಟ್ಟಿ, ಒಂದು ಚಾಕು ಅವಳ ಪಾಲಿಗಿತ್ತು. ಹಸಿ ತರಕಾರಿಯ ಸಲಾಡು ಅವಳ ಕೆಲಸ. ಅದರಲ್ಲೂ ಸೀಮೆ ಬದನೆಕಾಯಿಯ ಸಲಾಡು ಅಂದರೆ ಆಸ್ಪತ್ರೆಯವರು ಬಟ್ಟಲು ಹಿಡಿದು ಸಾಲು ನಿಲ್ಲುತ್ತಿದ್ದರು.

ಸೀಮೆ ಬದನೆಕಾಯಿ ನೋಡುವುದಕ್ಕೆ ಸಾಧು. ಸಿಪ್ಪೆ ಹೆರೆದು ನೋಡಿ, ಆಗ ಗೊತ್ತಾಗುತ್ತದೆ ಅದರ ಬುದ್ಧಿ. ಸೊನೆ ಬೆರಳಿಗೆ ಅಂಟಿ, ಒಣಗಿ, ಚರ್ಮವನ್ನು ಬಿಗಿದು ಹಿಡಿಯುತ್ತದೆ. ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ಕೆಲವರು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಅವಳಿಗೆ ಎಣ್ಣೆಗೈಯಲ್ಲಿ ಚಾಕು ಜಾರುತ್ತಿತ್ತು. ಗವಸು ಹಾಕಿದರೆ ಹೋಳಿನ ತೆಳುವು ಬೆರಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ನೀರಿನ ತೊಟ್ಟಿಯೊಳಗೇ ಕಾಯಿ ಹಿಡಿದು ಹೆರೆಯುತ್ತಿದ್ದಳು. ಆದರೂ ಸೊನೆ ತನ್ನ ಪಾಲು ವಸೂಲಿ ಮಾಡದೆ ಬಿಡುತ್ತಿರಲಿಲ್ಲ.

ಆ ಕೈಗಳಿಂದಾಗಿ ಅವಳ ಬದುಕಿನಲ್ಲಿ ಒಂದು ಬಾಗಿಲು ಮುಚ್ಚಿಹೋಗಿತ್ತು. ಮದುವೆಗೆ ಮಾತಾಗಿದ್ದ ಹುಡುಗನ ತಾಯಿ ಮನೆಗೆ ಬಂದಿದ್ದರು. ಅವಳು ತಟ್ಟೆಯಲ್ಲಿ ತಿಂಡಿ ತಂದಿಟ್ಟಾಗ ಆಕೆ ತಿಂಡಿ ನೋಡಲಿಲ್ಲ, ಬೆರಳು ನೋಡಿದರು. ತಟ್ಟೆಯನ್ನು ಹಾಗೇ ಹಿಂದಕ್ಕೆ ಸರಿಸಿದರು. ಹೊಟ್ಟೆ ತುಂಬಿದೆ ಎಂದರು. ಆಮೇಲೆ ಆ ಮನೆಯಿಂದ ಯಾರೂ ಬರಲಿಲ್ಲ.

ಅಲ್ಲಿಂದಾಚೆಗೆ ಅವಳು ಯಾರಿಗೂ ತಾನಾಗಿ ಏನನ್ನೂ ಕೈಯಾರೆ ಕೊಟ್ಟವಳಲ್ಲ. ಬಟ್ಟಲು ತುಂಬಿ ಕಿಟಕಿಯ ಹಲಗೆ ಮೇಲೆ ಇಡುತ್ತಿದ್ದಳು. ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಅವಳ ಕೈಯಿಂದಲೇ ತಿನ್ನುತ್ತಿದ್ದ ಜೀವ ಲೋಕದಲ್ಲಿ ಒಂದೇ ಒಂದಿತ್ತು, ಅವಳ ಅಮ್ಮ.

ಮೌನಪ್ಪ ಮರ ಕಡಿಯುವವನು. ಊರಾಚೆಯ ತಾಳೆ ತೋಟದಲ್ಲಿ ಫಸಲು ನಿಲ್ಲಿಸಿದ ಮುದಿ ಮರಗಳನ್ನು ಕಡಿಸಿ ಹೊಸದಾಗಿ ನೆಡಿಸುತ್ತಿದ್ದರು. ತಾಳೆ ಮರದ ನೆತ್ತಿಯಲ್ಲಿ, ಗರಿಗಳೆಲ್ಲ ಕೂಡುವ ಕಡೆ, ಒಳಗೊಂದು ಎಳೆ ತಿರುಳಿರುತ್ತದೆ. ಸುಳಿ ಎನ್ನುತ್ತಾರೆ. ಮರದ ಮುಂದಿನ ಗರಿಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಅದನ್ನು ತೆಗೆದರೆ ಮರ ಸತ್ತ ಹಾಗೆ. ಸಾಯುವುದು ಹೇಗೂ ಖಚಿತವಾದ ಮರಗಳ ಸುಳಿಯನ್ನು ದೊಡ್ಡಣ್ಣ ಊಟದ ಮನೆಗೆ ತರಿಸತೊಡಗಿದ್ದರು.

ಎರಡನೇ ಸಲ ಬಂದಾಗ ಅವನು ಮುಳ್ಳನ್ನೆಲ್ಲ ತೋಟದಲ್ಲೇ ಬಿಡಿಸಿ, ಸುಳಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಅವಳು ಅದನ್ನು ಗಮನಿಸಿದಳು. ಗಮನಿಸಲಿಲ್ಲ ಎನ್ನುವ ಹಾಗೆ ಮುಖ ತಿರುಗಿಸಿಕೊಂಡಳು.

ಮೂರನೇ ಸಲ ಅವನು ಸ್ವಲ್ಪ ಹೊತ್ತು ನಿಂತು ನೋಡಿದ. ಅವಳು ಸುಳಿಯ ಗಟ್ಟಿ ಬುಡ ತೆಗೆದು, ಎಳೆ ಭಾಗವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಕಪ್ಪಾಗದಿರಲೆಂದು ನಿಂಬೆರಸದ ನೀರಿಗೆ ಹಾಕುತ್ತಿದ್ದಳು. ಒತ್ತಿದರೆ ಒಂದೊಂದು ಬಿಲ್ಲೆಯೂ ಉಂಗುರ ಉಂಗುರವಾಗಿ ಬಿಡಿಸಿಕೊಳ್ಳುತ್ತಿತ್ತು. ಸೀಮೆ ಬದನೆಯನ್ನು ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗೆ ಹೆರೆದು, ಉಪ್ಪು ಸವರಿ, ನೀರು ಬಿಟ್ಟ ಮೇಲೆ ಹಿಂಡಿ, ಎರಡನ್ನೂ ಪುದೀನದ ಜೊತೆ ಕಲಸುತ್ತಿದ್ದಳು.

"ಇದನ್ನ ಯಾಕೆ ಬೇರೆ ಇಟ್ರಿ?" ಎಂದು ಕೇಳಿದ ಅವನು. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದಿದ್ದು ಅದೇ ಮೊದಲು. ಅವಳು ಒಂದು ತುಂಡು ಸುಳಿಯನ್ನು ಕೊಯ್ಯದೆ, ಹಸಿ ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟಿದ್ದಳು.

ಅಮ್ಮನಿಗೆ ಎಂದಳು. ಹೇಳಬಾರದು ಅಂದುಕೊಂಡೇ ಉಳಿದದ್ದನ್ನೂ ಹೇಳಿದಳು. ಅಮ್ಮನಿಗೆ ಚಿಕಿತ್ಸೆಯಿಂದ ಬಾಯೆಲ್ಲ ಹುಣ್ಣು. ನಿಂಬೆ ತಾಗುವ ಹಾಗಿಲ್ಲ. ಅದಕ್ಕೇ ಮನೆಗೊಯ್ದು, ತಿನ್ನುವ ಗಳಿಗೆಯಲ್ಲೇ ಕೊಯ್ದು ಕೊಡಬೇಕು. ಸುಳಿ ಸಿಗತೊಡಗಿದ ಮೇಲೆ ಅಮ್ಮ ಮತ್ತೆ ತಿನ್ನುತ್ತಿದ್ದಾರೆ, ನುಂಗುವಾಗ ನೋವಾಗುವುದಿಲ್ಲವಂತೆ.

ಅವನು ತಲೆಯಾಡಿಸಿದ. ಮುಂದಿನ ಸಲದಿಂದ ಚೀಲದಲ್ಲಿ ಬೇರೆಯಾಗಿ ಕಟ್ಟಿದ ಒಂದು ಪುಟ್ಟ ಸುಳಿ ಇರತೊಡಗಿತು. ಇದ್ದವುಗಳಲ್ಲೆಲ್ಲ ಎಳೆಯದು.

"ಇದು ಅಮ್ಮನಿಗೆ," ಎನ್ನುತ್ತಿದ್ದ. ಅಷ್ಟೇ.

ಅಷ್ಟೇ ಮಾತಿಗೆ ಅವಳ ಎದೆಯೊಳಗೆ ಏನೋ ಕರಗುತ್ತಿತ್ತು... ನಿಮ್ಮ ಅಮ್ಮನಿಗೆ ಎಂದು ಹೇಳುತ್ತಿರಲಿಲ್ಲ ಅವನು. ಬರೀ ಅಮ್ಮನಿಗೆ.

ಮನೆಯಲ್ಲಿ ಅಮ್ಮ ಮಂಚ ಹಿಡಿದಿದ್ದರೂ ಅವರ ಕಿವಿ ಚುರುಕು. ಮಗಳು ಗುನುಗುತ್ತಾ ಸುಳಿ ಕೊಯ್ಯುವುದನ್ನು ಕೇಳಿಸಿಕೊಂಡು, ಇದನ್ನು ಕಳಿಸುವವನು ಯಾರು, ನೋಡೋಕೆ ಹೇಗಿದ್ದಾನೆ, ಒಂದು ಸಲ ಕರೆದುಕೊಂಡು ಬಾ ಎಂದೆಲ್ಲ ಪೀಡಿಸತೊಡಗಿದರು. ಅವನು ಮಾತೇ ಆಡುವುದಿಲ್ಲ ಕಣಮ್ಮಾ ಎಂದರೆ, "ನಿಮ್ಮಪ್ಪ ಎರಡು ಜನಕ್ಕಾಗುವಷ್ಟು ಆಡಿದ್ದಾರೆ. ಸುಮ್ನಿರೋ ಅಳಿಯ ಬಂದ್ರೆ ಮನೆಗೆ ಒಳ್ಳೇದೇ," ಎಂದರು.

ಅವಳು ನಾಚಿ, ಬಟ್ಟಲು ತೊಳೆಯುವ ನೆಪ ಮಾಡಿಕೊಂಡು ಎದ್ದುಹೋದಳು.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದಿತ್ತು. ಅವನು ಚೀಲ ಇಳಿಸಿ, ಬೆವರೊರೆಸಿಕೊಂಡು ಬಾಗಿಲ ಮೆಟ್ಟಿಲಲ್ಲಿ ಕೂತಿದ್ದ. ಅವಳಿಗೆ ಎಲ್ಲಿಂದ ಧೈರ್ಯ ಬಂತೋ! ಅವನು ತಂದಿದ್ದ ಸುಳಿಯಲ್ಲೇ ಒಂದು ಬಟ್ಟಲು ಸಲಾಡು ಕಲಸಿದಳು. ಸೀಮೆ ಬದನೆಯ ಒಳಗಿನ ಮೆತ್ತನೆ ಬೀಜವನ್ನು ಅವಳು ಯಾವಾಗಲೂ ತಾನೇ ತಿನ್ನುತ್ತಿದ್ದಳು, ಅದು ಅವಳಿಗೆ ಬಲು ಇಷ್ಟ. ಅವತ್ತು ಅದನ್ನೂ ಮೇಲೆ ಇಟ್ಟಳು. ಕಿಟಕಿಯ ಹಲಗೆಯ ಮೇಲೆ ಇಡಲಿಲ್ಲ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅವನ ಮುಂದೆ ಚಾಚಿದಳು.

"ತಿನ್ನಿ. ನೀವೇ ತಂದಿದ್ದು."

ಅವನು ಬಟ್ಟಲು ನೋಡಿದ. ಅವಳ ಬೆರಳುಗಳನ್ನು ನೋಡಿದ. ಅವನ ಮುಖದ ಮೇಲೆ ಏನೋ ಹಾದುಹೋಯಿತು. ಕೈ ಎತ್ತಿದವನು ಅರ್ಧದಲ್ಲೇ ನಿಲ್ಲಿಸಿ, ಒಂದೇ ಬೆರಳ ತುದಿಯಿಂದ ಬಟ್ಟಲನ್ನು ಅವಳ ಕಡೆಗೇ ಮೆಲ್ಲಗೆ ಸರಿಸಿದ.

"ಬೇಡ... ಈಗ ಬೇಡ."

ಎದ್ದು ಹೊರಟೇಬಿಟ್ಟ.

ಅವಳು ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು. ಬೆರಳು ಉರಿಯುತ್ತಿತ್ತು, ಕಣ್ಣೂ ಉರಿಯುತ್ತಿತ್ತು. ಆ ತಟ್ಟೆ, ಈ ಬಟ್ಟಲು... ಎರಡನ್ನೂ ಒಂದೇ ಥರ ಸರಿಸಿದ್ದರು. 'ಇವನೂ ಅಷ್ಟೇ. ಮುಳ್ಳು ಚುಚ್ಚೀತು ಅಂತ ಕೈ ಹಿಡಿದ, ಅಷ್ಟಕ್ಕೇ ನಾನು ಕನಸು ಕಟ್ಟಿದೆ. ಹಿಡಿಯೋದು ಬೇರೆ, ಆ ಕೈಯಿಂದ ತಿನ್ನೋದು ಬೇರೆ.'

ಸಲಾಡನ್ನು ಕಸದ ಬುಟ್ಟಿಗೆ ಸುರಿದಳು. ಅನ್ನಕ್ಕೆ ಅವಮಾನ ಮಾಡಿದಂಥ ಆ ಕೆಲಸವನ್ನು ಅವಳು ಹಿಂದೆಂದೂ ಮಾಡಿದವಳಲ್ಲ.

ಮರುದಿನ ಬೆಳಗ್ಗೆ ದೊಡ್ಡಣ್ಣನ ಹತ್ತಿರ ಹೋಗಿ, ಇನ್ನು ಸುಳಿ ಬೇಡ, ಅದು ಬೇಗ ಕಪ್ಪಾಗುತ್ತದೆ, ಸೀಮೆ ಬದನೆ ಒಂದೇ ಸಾಕು ಎಂದಳು. ದೊಡ್ಡಣ್ಣ ಅವಳ ಊದಿದ ಕಣ್ಣು ನೋಡಿ, ತಮಾಷೆಯ ಮಾತು ಬಾಯಿಗೆ ಬಂದರೂ ನುಂಗಿಕೊಂಡು, ಸರಿ ಎಂದರು.

ಅವನು ಬಂದಾಗ ಅವಳೇ ಬಾಗಿಲಿಗೆ ಅಡ್ಡ ನಿಂತಳು. ಅವನ ಕೈಯಲ್ಲಿ ಬೇರೆಯಾಗಿ ಕಟ್ಟಿದ ಪುಟ್ಟ ಗಂಟಿತ್ತು.

"ನಮಗೆ ಸುಳಿ ಬೇಡ. ಇನ್ಮೇಲೆ ಬರಬೇಡಿ."

"ಒಂದು ಮಾತು..."

"ಬೇಡ. ಈಗ ಬೇಡ, ಯಾವತ್ತೂ ಬೇಡ."

ಅವನ ಮಾತನ್ನೇ ಅವನಿಗೆ ಹಿಂದಿರುಗಿಸಿ ಬಾಗಿಲು ಹಾಕಿದಳು. ಗೆದ್ದ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬಾಗಿಲ ಆಚೆ ಬೂಟಿನ ಸದ್ದು ತುಂಬ ಹೊತ್ತಿನ ಮೇಲೆ ದೂರವಾಯಿತು. ಆಮೇಲೆ ತೆರೆದು ನೋಡಿದರೆ ಮೆಟ್ಟಿಲ ಮೇಲೆ ಗಂಟು ಇತ್ತು. ಅಮ್ಮನಿಗೆ ಎಂದು ತಂದಿದ್ದು. ಅವಳು ಅದನ್ನು ಮುಟ್ಟಲಿಲ್ಲ. ಬಿಸಿಲಿಗೆ ಅದು ಸಂಜೆಯ ಹೊತ್ತಿಗೆ ಕಪ್ಪಾಗಿಹೋಯಿತು.

ಈಗ ಈ ಕಥೆಯ ಕಷ್ಟದ ಭಾಗ ಬಂತು.

ಸುಳಿ ಬೇಡ ಎಂದಾಗ ಅವಳಿಗೆ ಬರೀ ತನ್ನ ಅವಮಾನ ನೆನಪಿತ್ತು. ಮನೆಯಲ್ಲಿ ಮಂಚದ ಮೇಲಿದ್ದ ಜೀವದ ಲೆಕ್ಕ ಅವಳು ಹಾಕಿರಲಿಲ್ಲ. ಅಮ್ಮ ಬಟ್ಟಲಿನಲ್ಲಿ ಚಮಚ ಆಡಿಸುತ್ತಾ ಕೇಳಿದರು.

"ಆ ಬಿಳೀದು ಹಾಕಿಲ್ವಾ ಪುಟ್ಟಿ?"

"ಈಗ ಸಿಗ್ತಿಲ್ಲಮ್ಮ."

ಅಮ್ಮ ಅವಳ ಮುಖವನ್ನೇ ನೋಡಿದರು. "ಸಿಗ್ತಿಲ್ವೋ, ನೀನು ತಗೊಳ್ತಿಲ್ವೋ?"

ಅವಳು ನೀರಿನ ಲೋಟ ತರಲು ಎದ್ದಳು. ಅಮ್ಮ ಮತ್ತೆ ಕೇಳಲಿಲ್ಲ. ಹೆತ್ತವರಿಗೆ ಮಕ್ಕಳ ಸುಳ್ಳು ಗೊತ್ತಾಗುತ್ತದೆ, ಗೊತ್ತಾದರೂ ಮುಚ್ಚಿಡುತ್ತಾರೆ. ಸೀಮೆ ಬದನೆಯನ್ನೇ ಅವಳು ಇನ್ನಷ್ಟು ತೆಳ್ಳಗೆ ಹೆರೆದಳು, ಬೇಯಿಸಿ ಆರಿಸಿ ನೋಡಿದಳು, ಸುಳಿಯಂತೆ ಉಂಗುರವಾಗಿ ಕೊಯ್ದು ನೋಡಿದಳು. ಅಮ್ಮ ಮಗಳ ಸಮಾಧಾನಕ್ಕೆ ಎರಡು ಹೋಳು ತಿಂದು ಸಾಕು ಎನ್ನುತ್ತಿದ್ದರು. ನುಂಗುವಾಗ ಕಣ್ಣಂಚಲ್ಲಿ ನೀರು ಬರುತ್ತಿತ್ತು.

ಒಂದು ದಿನ ಅಮ್ಮ ಅವಳ ಸಿಪ್ಪೆಯೆದ್ದ ಬೆರಳುಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಯಾರು ಏನಾದರೂ ಅಂದುಕೊಳ್ಳಲಿ, ಈ ಕೈಯಿಂದ ತಿಂದೇ ತಾನು ಇಷ್ಟು ದಿನ ಉಳಿದದ್ದು ಎಂದರು.

'ನಾಳೆ ದೊಡ್ಡಣ್ಣನಿಗೆ ಹೇಳಿ ತರಿಸಿಬಿಡ್ತೀನಿ. ಹಾಳಾಗಿ ಹೋಗ್ಲಿ ನನ್ನ ಮಾನ...'

ಹಾಗಂದುಕೊಂಡೇ ಮಲಗಿದಳು. ಬೆಳಗ್ಗೆ ಅಮ್ಮನ ಕೈ ತಣ್ಣಗಿತ್ತು.

ಅಮ್ಮನನ್ನು ಕಳಿಸಿಕೊಟ್ಟು ಬಂದ ಮೇಲೆ ಮನೆಯಲ್ಲಿ ಅವಳಿಗೆ ಮಾಡಲು ಏನೂ ಉಳಿಯಲಿಲ್ಲ. ನೆರೆಯವರು ಬಂದರು, ಅತ್ತರು, ಹೋದರು. ಅಮ್ಮನಿಗೆಂದು ತಂದಿಟ್ಟಿದ್ದ ಒಂದು ಸೀಮೆ ಬದನೆಕಾಯಿ ಅಡುಗೆಮನೆಯ ಮೂಲೆಯಲ್ಲೇ ಇತ್ತು. ದಿನ ಕಳೆದಂತೆ ಅದರ ತುದಿ ಸೀಳಿ ಮೊಳಕೆ ಹೊರಬಂತು. ಕೊಯ್ಯಲು ಅವಳಿಗೆ ಕೈ ಬರಲಿಲ್ಲ. ಬಿಸಾಡಲೂ ಬರಲಿಲ್ಲ.

'ಆ ಬಿಳೀದು ಹಾಕಿಲ್ವಾ ಪುಟ್ಟಿ...'

ಖಾಲಿ ಕೋಣೆಯಲ್ಲಿ ಆ ಮಾತು ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಅಮ್ಮ ಬಾಯಿಬಿಟ್ಟು ಕೇಳಿದ್ದ ಕೊನೆಯ ಆಸೆ ಅದೊಂದೇ. ಕೈಗೆಟಕುವ ದೂರದಲ್ಲಿತ್ತು. ಅವಳೇ ಬಾಗಿಲು ಹಾಕಿದ್ದಳು.

ಮತ್ತೆ ಕೆಲಸಕ್ಕೆ ಬಂದ ದಿನ ಕಟ್ಟೆಯ ಮೇಲೆ ಸುಳಿ ಕಂಡು ಅವಳು ಬಾಗಿಲಲ್ಲೇ ನಿಂತಳು. ಅವಳು ಇಲ್ಲದಾಗ ದೊಡ್ಡಣ್ಣನೇ ಸಲಾಡು ಮಾಡಿದ್ದರಂತೆ. ತಿನ್ನುವವರೆಲ್ಲ ಸುಳಿ ಎಲ್ಲಿ, ಸುಳಿ ಎಲ್ಲಿ ಎಂದು ಪ್ರಾಣ ತಿಂದದ್ದರಿಂದ ಮತ್ತೆ ಹೇಳಿಕಳಿಸಿದ್ದರಂತೆ. ತರುತ್ತಿರುವುದು ಅವನಲ್ಲ, ಅವನ ಚಿಕ್ಕಪ್ಪ ಎಂದೂ, ಅವಳು ಕೇಳದೆಯೇ, ಹೇಳಿದರು.

ಆ ಚಿಕ್ಕಪ್ಪ ಮಧ್ಯಾಹ್ನದ ಬಿಸಿಲಲ್ಲಿ ಬಂದರು. ಬಿಳಿ ಗಡ್ಡ, ಬಾಗಿದ ಬೆನ್ನು, ಬಾಯ್ತುಂಬ ಮಾತು. ಆ ವಂಶದ ಮಾತನ್ನೆಲ್ಲ ಅವರೊಬ್ಬರೇ ಖರ್ಚು ಮಾಡುತ್ತಿದ್ದರು ಎನ್ನಬೇಕು. ಚೀಲ ಇಳಿಸಿ ಏದುಸಿರು ಬಿಡುತ್ತಿದ್ದವರನ್ನು ನೋಡಿ ಅವಳಿಗೆ ಕರುಳು ಚುರಕ್ಕೆಂದಿತು. ವಯಸ್ಸಾದವರು, ಹಸಿದಿದ್ದಾರೆ. ಹಿಂದುಮುಂದು ನೋಡದೆ ಒಂದು ಬಟ್ಟಲು ಸಲಾಡು ತಂದು ಮುಂದೆ ಹಿಡಿದಳು.

ಮುದುಕ ಬಟ್ಟಲು ನೋಡಿದರು. ಅವಳನ್ನು ನೋಡಿ ನಕ್ಕರು. ಆಮೇಲೆ, ಒಂದೇ ಬೆರಳ ತುದಿಯಿಂದ, ಬಟ್ಟಲನ್ನು ಅವಳ ಕಡೆಗೇ ಮೆಲ್ಲಗೆ ಸರಿಸಿದರು.

ಅದೇ ಬೆರಳು, ಅದೇ ರೀತಿ.

"ನನ್ನ ಕೈ ನೋಡಿ ಬೇಡ ಅಂದ್ರಾ?" ಕೇಳಿದಳು ಅವಳು.

"ಕೈಗೇನಾಗಿದೆ ತಾಯಿ?" ಮುದುಕ ಕಣ್ಣು ಕಿರಿದು ಮಾಡಿ ನೋಡಿದರು. "ದುಡಿಯೋ ಕೈ ಹಾಗೇ ಇರತ್ತೆ. ನಂದು ನೋಡು." ತಮ್ಮ ಒಡೆದ ಅಂಗೈ ಚಾಚಿದರು. "ಇದು ನಾವು ಕಡಿದಿದ್ದಲ್ವಾ? ಕಡಿದವರು ತಿನ್ನೋ ಹಾಗಿಲ್ಲಮ್ಮ. ಬಾಯಲ್ಲಿ ಬೇಡ ಅಂದ್ರೂ ಸಾಲದು, ಬೆರಳಲ್ಲಿ ವಾಪಸ್ ಸರಿಸ್ಬೇಕು. ನಮ್ಮ ಕಸುಬಿನವರು ಹಿಂದಿನಿಂದ ಹಾಗೇ ಮಾಡೋದು."

ಉಳಿದದ್ದನ್ನು ಅವರು ಮೆಟ್ಟಿಲಲ್ಲಿ ಕೂತು, ನೀರು ಕುಡಿಯುತ್ತಾ ಹೇಳಿದರು. ಒಂದು ಮರದ ನೆತ್ತಿ ಕಡಿದವನು ಅದರ ಸುಳಿಯನ್ನು ಬಾಯಿಗಿಡಬೇಕಾದರೆ, ಮೊದಲು ಒಂದು ಸಸಿ ನೆಡಬೇಕು. ಅದು ಅವನು ಹೊತ್ತು ಹಾಕಿದ ನೀರು ಕುಡಿದು, ಬೇರೂರಿ, ಹೊಸ ಗರಿ ಬಿಚ್ಚಬೇಕು. ಅಲ್ಲಿಯವರೆಗೆ ತಿನ್ನುವ ಹಾಗಿಲ್ಲ. ಅಷ್ಟೆಲ್ಲ ಯಾರು ಕಾಯುತ್ತಾರೆ? ಹಾಗಾಗಿ ಅವರಲ್ಲಿ ಯಾರೂ ಸುಳಿಯ ರುಚಿಯನ್ನೇ ನೋಡಿದವರಲ್ಲ.

"ನಮ್ಮ ಹುಡುಗ ಒಬ್ಬನಿಗೆ ಹುಚ್ಚು," ಎಂದರು ಮುದುಕ. "ಒಂದು ಸಸಿ ನೆಟ್ಟಿದಾನೆ. ಇದೇ ಊಟದ ಮನೆಗೆ ಬರೋಕೆ ಶುರು ಮಾಡಿದ ಹೊಸದ್ರಲ್ಲಿ. ಯಾಕೋ ಅಂದ್ರೆ, ಒಬ್ಬರ ಕೈಯಿಂದ ತಿನ್ನಬೇಕು ಚಿಕ್ಕಪ್ಪ ಅಂದ. ಈಗ ಅವರು ಬರಬೇಡ ಅಂದ್ರಂತೆ. ಆದ್ರೂ ದಿನಾ ನೀರು ಹೊರ್ತಾನೆ."

ಅವಳ ಕೈಯಿಂದ ಬಟ್ಟಲು ಬೀಳಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಮೆಟ್ಟಿಲ ಮೇಲೆ ಮುದುಕನ ಪಕ್ಕದಲ್ಲೇ ಕೂತಳು. ಅಮ್ಮ ಹೋದ ದಿನ ಅತ್ತಿದ್ದಕ್ಕಿಂತ ಹೆಚ್ಚು ಅತ್ತಳು. ಈಗ ಬೇಡ ಅಂದಿದ್ದಕ್ಕೆ ಅರ್ಥ ಕೇಳಬೇಕು ಎಂದು ಆಗ ತೋಚಿರಲಿಲ್ಲ. ಒಂದೇ ಒಂದು ಸಲ ಯಾಕೆ ಅಂತ ಕೇಳಿದ್ದರೆ... ಕೇಳಿದ್ದರೆ ಅಮ್ಮನ ಬಟ್ಟಲಿನಲ್ಲಿ ಕೊನೆಯವರೆಗೂ ಸುಳಿ ಇರುತ್ತಿತ್ತು.

ದೊಡ್ಡಣ್ಣ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವಳ ಕೈಗೆ ಮುಚ್ಚಳವಿರುವ ಒಂದು ಡಬ್ಬಿ ಕೊಟ್ಟು, ಸಂಜೆಯ ಸಲಾಡು ತಾನು ನೋಡಿಕೊಳ್ಳುತ್ತೇನೆ, ಜನ ಶಪಿಸಿದರೆ ತನ್ನನ್ನೇ ಶಪಿಸಲಿ ಎಂದರು.

ಅವಳು ಹೊಸದಾಗಿ ಸಲಾಡು ಕಲಸಿದಳು. ಅಮ್ಮನಿಗೆ ಮಾಡುತ್ತಿದ್ದ ಹಾಗೆ, ನಿಂಬೆ ಹಾಕದೆ, ಖಾರ ಹಾಕದೆ. ಮನೆಗೆ ಹೋಗಿ ಮೊಳಕೆ ಬಂದ ಕಾಯಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ತೋಟದ ಕೆಲಸದವರ ಮನೆಗಳ ಸಾಲು ರಸ್ತೆಯ ಕೊನೆಗಿತ್ತು. ಅವನ ಮನೆ ಕಡೆಯದು. ಅಂಗಳದಲ್ಲಿ ಕಲ್ಲಿನ ಪುಟ್ಟ ಪಾತಿಯೊಳಗೆ ಮೊಣಕಾಲೆತ್ತರದ ತಾಳೆ ಸಸಿ. ಅವನು ಬಕೆಟ್ಟಿನಿಂದ ಬೊಗಸೆಯಲ್ಲಿ ನೀರು ತೆಗೆದು ಬುಡಕ್ಕೆ ಬಿಡುತ್ತಿದ್ದ. ಅವಳ ಹೆಜ್ಜೆ ಸದ್ದಿಗೆ ತಿರುಗಿದವನು ಹಾಗೇ ನಿಂತ. ಬೊಗಸೆಯ ನೀರೆಲ್ಲ ಸೋರಿಹೋಯಿತು.

"ಅಮ್ಮ ಹೋದ್ರು," ಎಂದಳು ಅವಳು. ಬೇರೆ ಯಾವ ಮಾತಿನಿಂದಲೂ ಶುರು ಮಾಡಲು ಅವಳಿಂದ ಆಗಲಿಲ್ಲ.

"ಗೊತ್ತು. ಬೀದಿ ತುದಿಯಲ್ಲಿ ನಿಂತಿದ್ದೆ." ಅವನು ತಲೆ ತಗ್ಗಿಸಿದ. "ಬರಬೇಡಿ ಅಂದಿದ್ರಲ್ಲ."

"ಬಿಳೀದು ಯಾಕೆ ಹಾಕಿಲ್ಲ ಅಂತ ಅಮ್ಮ ಕೇಳಿದ್ರು. ಸಿಗ್ತಿಲ್ಲ ಅಂತ ಸುಳ್ಳು ಹೇಳ್ದೆ. ನಿಮ್ಮ ಚಿಕ್ಕಪ್ಪ ಹೇಳೋವರೆಗೂ ನೀವು ನನ್ನ ಕೈ ನೋಡಿ ಅಸಹ್ಯ ಪಟ್ರಿ ಅಂದ್ಕೊಂಡಿದ್ದೆ... ಆ ಸಿಟ್ಟಲ್ಲಿ ನಮ್ಮಮ್ಮನ ಬಾಯಿಗೆ ಮಣ್ಣು ಹಾಕ್ದೆ ನಾನು."

ಅವನು ಅದೆಲ್ಲ ಏನೂ ಇಲ್ಲ ಎನ್ನಲಿಲ್ಲ. ಅಳಬೇಡಿ ಎನ್ನಲಿಲ್ಲ. ಮಾತು ಹುಡುಕಿ ಹುಡುಕಿ ಹೇಳಿದ.

"ನಾನೂ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೇಳೋಕೆ ಬರಲ್ಲ ಅಂತ ಎದ್ದು ಹೋದೆ. ಅದ್ರಲ್ಲಿ ಅರ್ಧ ನನ್ನ ತಪ್ಪು. ನೀವೊಬ್ರೇ ಹೊರಬೇಡಿ."

ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ತಪ್ಪೇ ಇಲ್ಲ ಎಂದವರಿದ್ದರು, ಎಲ್ಲ ವಿಧಿ ಎಂದವರಿದ್ದರು. ಹೊರೆಯ ಇನ್ನೊಂದು ತುದಿ ಹಿಡಿದವರು ಯಾರೂ ಇರಲಿಲ್ಲ.

"ಅವತ್ತು ತಿನ್ನಬೇಕು ಅಂತ ತುಂಬ ಆಸೆ ಆಯ್ತು," ಎಂದ ಅವನು. "ಆಸೆ ಇದ್ದಿದ್ದಕ್ಕೇ ಕಟ್ಟಳೆ ಮುರಿದು ಕೆಡಿಸ್ಕೊಳ್ಳೋದು ಬೇಡ ಅನ್ನಿಸ್ತು. ನಿಮ್ಮ ಕೈಯಿಂದ ಒಂದು ಸಲ ತಿಂದ್ರೆ... ಆಮೇಲೆ ದಿನಾ ತಿನ್ನಬೇಕು ಅಂತ ಕೇಳೋನಿದ್ದೆ. ಕೇಳೋ ಮುಂಚೆ ಎಲ್ಲ ಸರಿಯಾಗಿರಲಿ ಅಂತ."

ಅವಳು ಅಳುತ್ತಲೇ ಡಬ್ಬಿಯ ಮುಚ್ಚಳ ತೆರೆದು ಅವನ ಮುಂದೆ ಹಿಡಿದಳು. ಅವನು ಸಸಿಯ ಕಡೆ ನೋಡಿದ. ಹಳೆಯ ಗರಿಗಳ ನಡುವೆ ಹೊಸದೊಂದು ತಿಳಿ ಹಸಿರಾಗಿ, ನೆಟ್ಟಗೆ, ಇನ್ನೂ ಮುಚ್ಚಿಕೊಂಡೇ ನಿಂತಿತ್ತು.

"ಬಂದಿದೆ. ಆದ್ರೆ ಬಿಚ್ಚಿಲ್ಲ," ಎಂದ.

ಅವಳ ಕೈ ನಿಧಾನವಾಗಿ ಕೆಳಗಿಳಿಯಿತು. ಇಷ್ಟು ದೂರ ಬಂದೂ ಡಬ್ಬಿ ಹಿಂದಿರುಗಬೇಕು. ಆದರೆ ಈ ಸಲ ಅವನು ಬೆರಳ ತುದಿಯಿಂದ ಸರಿಸಲಿಲ್ಲ. ಕೈ ತೊಳೆದುಕೊಂಡು ಬಂದು, ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡ.

"ಇವತ್ತು ಊಟ ಮಾಡಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಇವತ್ತು ಅಂತಲ್ಲ, ಅಮ್ಮ ಹೋದಾಗಿನಿಂದ ಅವಳು ಸರಿಯಾಗಿ ಉಂಡೇ ಇರಲಿಲ್ಲ. ಸೀಮೆ ಬದನೆಯ ಒಂದು ಹೋಳನ್ನೂ ಬಾಯಿಗಿಟ್ಟಿರಲಿಲ್ಲ.

"ನಾನು ತಿನ್ನೋ ಹಾಗಿಲ್ಲ," ಎಂದ ಅವನು. "ತಿನ್ನಿಸಬಹುದಲ್ವಾ?"

ಸುಳಿಯ ಒಂದು ಬಿಳಿ ಉಂಗುರ, ಅದರ ಮೇಲೆ ಸೀಮೆ ಬದನೆಯ ತೆಳು ಹೋಳು. ಮರ ಕಡಿಯುವ ಆ ದಪ್ಪ ಬೆರಳುಗಳು ಅವಳ ತುಟಿಯ ಹತ್ತಿರ ಬಂದು ಕಾದವು. ಅವಳು ಬಾಯಿ ತೆರೆದಳು. ಊರಿನ ರೋಗಿಗಳಿಗೆಲ್ಲ ಬಟ್ಟಲು ತುಂಬಿ ಕೊಟ್ಟವಳಿಗೆ, ಇನ್ನೊಬ್ಬರ ಕೈಯಿಂದ ತಿಂದು ಎಷ್ಟು ಕಾಲವಾಗಿತ್ತೋ. ಉಪ್ಪು ಸಲಾಡಿನದೋ ಕಣ್ಣೀರಿನದೋ ತಿಳಿಯಲಿಲ್ಲ. ಪ್ರತಿ ತುತ್ತಿಗೂ ಅಮ್ಮನ ನೆನಪಾಯಿತು, ಪ್ರತಿ ತುತ್ತನ್ನೂ ಅವಳು ನುಂಗಿದಳು. ಡಬ್ಬಿ ಖಾಲಿಯಾಯಿತು.

ಆಮೇಲೆ ಅವನು ಚೀಲದಿಂದ ಇಣುಕುತ್ತಿದ್ದ ಮೊಳಕೆ ನೋಡಿ ಅದೇನೆಂದು ಕೇಳಿದ. ಅಮ್ಮನಿಗೆ ತಂದಿದ್ದು, ಕೊಯ್ಯಲಾಗಲಿಲ್ಲ, ಇಲ್ಲಿ ಸಸಿಯ ಪಕ್ಕ ನೆಡಬಹುದಾ ಎಂದಳು. ಪಕ್ಕದಲ್ಲಿ ಬೇಡ, ಆ ಬಳ್ಳಿ ಹಬ್ಬಿದರೆ ಸಸಿಯನ್ನೇ ನುಂಗಿ ನೀರು ಕುಡಿಯುತ್ತದೆ, ಬೇಲಿಯ ಹತ್ತಿರ ನೆಡೋಣ ಎಂದ. ಅವಳಿಗೆ ಅಳುವಿನ ನಡುವೆಯೇ ಸಣ್ಣ ನಗು ಬಂತು. ಕಾಯಿಯನ್ನು ಇಡಿಯಾಗಿ, ಮೊಳಕೆ ಮೇಲಿರುವಂತೆ ಮಣ್ಣಿನಲ್ಲಿ ಕೂರಿಸಿದರು.

ಮಣ್ಣು ಮೆತ್ತಿದ ಅವಳ ಕೈಗೆ ಅವನು ನೀರು ಹುಯ್ದ. ತೊಳೆದಾದ ಮೇಲೂ ಕೈ ಬಿಡಲಿಲ್ಲ. ಸಿಪ್ಪೆಯೆದ್ದ ಬೆರಳುಗಳನ್ನು ಒಂದೊಂದಾಗಿ ತನ್ನ ಅಂಗಿಯ ಅಂಚಿನಿಂದ ಒರೆಸಿದ.

"ಕೈ ಬಿಡಿ ಅನ್ನಲ್ವಾ?" ಎಂದ ಮೆಲ್ಲಗೆ.

ಅವಳು ಇಲ್ಲವೆಂದು ತಲೆಯಾ​ಡಿಸಿದಳು. ಮುಚ್ಚಿಕೊಂಡ ಆ ಹಸಿರು ಗರಿಯನ್ನೇ ನೋಡುತ್ತಾ ಕೇಳಿದಳು. "ಅದು ಬಿಚ್ಚೋಕೆ ಇನ್ನೂ ಎಷ್ಟು ದಿನ?"

"ಗೊತ್ತಿಲ್ಲ. ತಡ ಆಗಬಹುದು."

"ಆಗಲಿ. ನಾಳೆಯಿಂದ ನೀರು ನಾನೂ ಹಾಕ್ತೀನಿ."